ತುಮಕೂರಲ್ಲಿ ಛತ್ರ, ಸಮುದಾಯ ಭವನ, ಕಾಂಪ್ಲೆಕ್ಸ್ ಕಟ್ಟಿಸ್ತಿರೋರು ವೈರಿಂಗ್ ವಿಚಾರದಲ್ಲಿ ಹುಷಾರು

ಗಲಾಟೆ ಇನ್ನೂ ನಡೀತಿದೆ, ಅದಕ್ಕೆ ಕಂಟ್ರಾಕ್ಟರ್ ಹೆಸರು ಹಾಕ್ತಿಲ್ಲ. ಆದ್ರೆ ಶಿರಾ ಗೇಟ್ ಕಡೆ ನಮ್ಮ ಟ್ರಸ್ಟಿನೋರು ಕಟ್ಟಿಸಿರೋ ಸಮುದಾಯ ಭವನದಲ್ಲಿ ಆ ಆಸಾಮಿ ಮಾಡಿರೋ ಕೆಲಸ ಎಂಥದ್ದು ಅಂತ ನಾಲ್ಕು ಜನಕ್ಕೆ ಗೊತ್ತಾಗ್ಲೇಬೇಕು.

ಕೊಟೇಶನ್‌ನಲ್ಲಿ ಬರೆದಿದ್ದು ಎಫ್‌ಆರ್‌ಎಲ್‌ಎಸ್ (ಬೆಂಕಿ ಹರಡದ, ಹೊಗೆ ಕಮ್ಮಿ ಬಿಡೋ) ತಾಮ್ರದ ವೈರು, ಐಎಸ್‌ಐ ಮಾರ್ಕು. ಬಿಲ್ಲಲ್ಲೂ ಅದೇ. ಸ್ವಿಚ್ ಬೋರ್ಡ್ ಬಿಚ್ಚಿ ನೋಡಿದ್ರೂ ಒಳ್ಳೇ ಕಂಪನಿ ವೈರೇ ಕಾಣ್ತಿತ್ತು. ಒಂದು ನಾಮಕರಣದ ದಿನ ಕೆಳಗೆ ಗ್ರೈಂಡರು, ಗೀಸರು, ಮೇಲೆ ಹಾಲಲ್ಲಿ ಏಸಿ ಎಲ್ಲಾ ಒಟ್ಟಿಗೆ ಓಡ್ತಿದ್ದಂಗೆ ಫಾಲ್ಸ್ ಸೀಲಿಂಗಿಂದ ಪ್ಲಾಸ್ಟಿಕ್ ಸುಟ್ಟ ವಾಸನೆ, ಅದರ ಹಿಂದೇನೇ ಹೊಗೆ, ಪುಣ್ಯಕ್ಕೆ ಅಡುಗೆಯೋರು ಒಬ್ರು ಓಡಿಹೋಗಿ ಮೇನ್ ಆಫ್ ಮಾಡಿದ್ರು, ಯಾರಿಗೂ ಏನೂ ಆಗ್ಲಿಲ್ಲ.

ಆಮೇಲೆ ಪರಿಚಯದ ವೈರ್‌ಮನ್ ಹುಡುಗ ಬಂದು ಸ್ವಿಚ್ ಬಾಕ್ಸಿಂದ ವೈರ್ ಎಳೆದ ನೋಡಿ, ಎರಡಡಿ ಆಚೆಗೆ ತಿರುಚಿ ಟೇಪ್ ಸುತ್ತಿರೋ ಜಾಯಿಂಟು! ಪೈಪ್ ಒಳಗೆ ಜಾಯಿಂಟ್ ಹಾಕೋದೇ ತಪ್ಪು, ಅದು ಬೇರೆ ಮಾತು. ಅಲ್ಲಿಂದ ಮುಂದಕ್ಕೆ ಬೇರೇನೇ ವೈರು, ಮೈಮೇಲೆ ಒಂದಕ್ಷರ ಪ್ರಿಂಟ್ ಇಲ್ಲ. ಎಳೆನ ಬ್ಲೇಡಲ್ಲಿ ಕೆರೆದ್ರೆ ಕೆಂಪು ಹೋಗಿ ಒಳಗೆಲ್ಲಾ ಬೆಳ್ಳಗೆ. ರೋಲ್ಡ್ ಗೋಲ್ಡ್ ಬಳೆ ಥರ, ಅಲ್ಯೂಮಿನಿಯಂ ಮೇಲೆ ತಾಮ್ರದ ಲೇಪ. ತಾಮ್ರ ತಡೆಯೋ ಕರೆಂಟಲ್ಲಿ ಮೂರನೇ ಎರಡು ಪಾಲು ತಡೆದ್ರೆ ಹೆಚ್ಚು. ಬಾಕ್ಸ್ ಹತ್ರ ಮಾತ್ರ ಅಸಲಿ ತುಂಡು ಸಿಕ್ಕಿಸಿದ್ದಾನೆ, ಎಂಥ ತಲೆ ನೋಡಿ.

ಅದಲ್ದೆ ಎಂಸಿಬಿ, ಅಂದ್ರೆ ಲೋಡ್ ಜಾಸ್ತಿಯಾದ್ರೆ ತಾನೇ ಬೀಳೋ ಸ್ವಿಚ್ಚು. ಎರಡೂವರೆ ಎಂಎಂ ವೈರಿಗೆ 16 ಇಲ್ಲಾ 20 ಆಂಪ್ಸ್ ಹಾಕ್ಬೇಕು. ಇವನು ಪದೇ ಪದೇ ಟ್ರಿಪ್ ಆಗುತ್ತೆ ಅಂತ 32 ಕೂರಿಸಿದ್ದ. ವೈರ್ ಸುಟ್ಟೋದ್ರೂ ಅದು ಬೀಳಲ್ಲ.

ಈಗ ಆ ಎಫ್‌ಆರ್‌ಎಲ್‌ಎಸ್ ವಿಷಯ. ಬರೀ ಎಫ್‌ಆರ್ ಅಂದ್ರೆ ವೈರ್ ಮೇಲೆ ಬೆಂಕಿ ಮುಂದಕ್ಕೆ ಓಡಲ್ಲ ಅಷ್ಟೇ, ಹೊಗೆ ಬಗ್ಗೆ ಗ್ಯಾರಂಟಿ ಇಲ್ಲ. ಪಿವಿಸಿ ಸುಟ್ಟಾಗ ಹೈಡ್ರೋಜನ್ ಕ್ಲೋರೈಡ್ ಗ್ಯಾಸ್ ಬರುತ್ತೆ, ಕಣ್ಣು ಗಂಟಲ ಪಸೆಗೆ ಸೇರಿದ್ರೆ ಅದು ಆಸಿಡ್ಡೇ. ಎಲ್‌ಎಸ್ ವೈರಲ್ಲಿ ಆ ಗ್ಯಾಸು, ಹೊಗೆ ಎರಡಕ್ಕೂ ಮಿತಿ ಇರುತ್ತೆ. ಎಚ್‌ಎಫ್‌ಎಫ್‌ಆರ್ ಅಂತ ಹ್ಯಾಲೊಜನ್ನೇ (ಕ್ಲೋರಿನ್ ಥರದ್ದು) ಇಲ್ದಿರೋದೂ ಸಿಗುತ್ತೆ, ಅದಕ್ಕೆ ಸ್ಟ್ಯಾಂಡರ್ಡ್ ನಂಬರ್ ಐಎಸ್ 17048, ಮಾಮೂಲಿ ಪಿವಿಸಿ ವೈರಿಗೆ ಐಎಸ್ 694. ಐನೂರು ಜನ ಕೂರೋ ಜಾಗಕ್ಕೆ ಮನೆಗೆ ಹಾಕೋ ವೈರೇ ಸಾಕು ಅನ್ನೋರ ಮಾತು ಕೇಳ್ಬೇಡಿ. 2010ರ ಫೆಬ್ರವರಿಲಿ ಬೆಂಗಳೂರಿನ ಕಾರ್ಲ್‌ಟನ್ ಟವರ್ಸ್‌ನಲ್ಲಿ 9 ಜನ ಹೋದ್ರಲ್ಲ, ಹೊಗೆ ತಡೀಲಾರ್ದೆ ಜನ ಕಿಟಕಿಯಿಂದ ಹಾರಿದ್ರು. ರಾಷ್ಟ್ರೀಯ ಕಟ್ಟಡ ಸಂಹಿತೆ 2016ರಲ್ಲಿ ಫಾಲ್ಸ್ ಸೀಲಿಂಗ್ ಮೇಲಿನ ವೈರಿಂಗ್ ಮೆಟಲ್ ಕಂಡ್ಯೂಟ್ (ಪೈಪ್) ಒಳಗೆ ಹೋಗ್ಬೇಕು, ವೈರ್ ಹೋಗೋ ಡಕ್ಟನ್ನ ಪ್ರತಿ ಫ್ಲೋರಲ್ಲೂ ಸೀಲ್ ಮಾಡ್ಬೇಕು ಅಂತಿದೆ. ನಮ್ಮಲ್ಲಿ ಸೀಲಿಂಗ್ ಮೇಲೆ ವೈರು ಹಂಗೇ ಬಿದ್ದಿತ್ತು.

ಬಂಡಲ್ ಬಂದಾಗ್ಲೇ ನೋಡ್ಕೊಳ್ಳಿ, ಪ್ಲಾಸ್ಟರಿಂಗ್ ಆದ್ಮೇಲೆ ಕೂಗಾಡಿದ್ರೆ ಪ್ರಯೋಜನ ಇಲ್ಲ. ಐಎಸ್‌ಐ ಮಾರ್ಕ್ ಹತ್ರ ಸಿಎಂ/ಎಲ್ ನಂಬರ್ ಇರುತ್ತೆ, ಆ ಮಾರ್ಕ್ ಕೊಡೋ ಸಂಸ್ಥೆಯ ಬಿಐಎಸ್ ಕೇರ್ ಆಪಲ್ಲಿ ಹಾಕಿದ್ರೆ ಲೈಸೆನ್ಸ್ ಯಾರದ್ದು, ನಡೀತಿದ್ಯಾ ಅಂತ ಬರುತ್ತೆ. ತೂಕನೂ ಹಾಕಿ. 90 ಮೀಟರ್ ಎರಡೂವರೆ ಎಂಎಂ ಬಂಡಲಲ್ಲಿ ತಾಮ್ರ ಒಂದೇ ಸುಮಾರು 2 ಕೆಜಿ ಬರ್ಬೇಕು, ಮೇಲಿನ ಪ್ಲಾಸ್ಟಿಕ್ ಬೇರೆ. ಲೇಪದ ವೈರು ಕೈಗೆತ್ತಿದ್ರೇನೇ ಹಗುರ. ವೈರ್ ಎಳೆಯೋವಾಗ ನಿಮ್ ಕಡೆಯೋರು ಒಬ್ರು ಅಲ್ಲೇ ನಿಂತಿರ್ಲಿ. ಜನಕ್ಕೆ ಶಾಕ್ ಹೊಡೀದಂಗೆ 30 ಮಿಲಿಆಂಪ್ಸ್ ಆರ್‌ಸಿಸಿಬಿ (ಕರೆಂಟ್ ಲೀಕಾದ್ರೆ ಲೈನ್ ಕಟ್ ಮಾಡೋ ಸ್ವಿಚ್ಚು) ಕೇಳಿ. ಕೆಲಸ ಮುಗಿದ್ಮೇಲೆ ನಿಮ್ಮೆದುರೇ 500 ವೋಲ್ಟ್ ಮೆಗ್ಗರ್ (ವೈರಿನ ಇನ್ಸುಲೇಶನ್ ಚೆಕ್ ಮಾಡೋ ಮೀಟರು) ಹಾಕಿಸಿ, ಕನಿಷ್ಠ 1 ಮೆಗಾಓಮ್ ಇಲ್ದಿದ್ರೆ ಸಹಿ ಹಾಕ್ಬೇಡಿ. ಕಂಟ್ರಾಕ್ಟರ್ ಲೈಸೆನ್ಸ್ ಅಸಲಿ ಪ್ರತಿ ನೋಡಿ. ನಮ್ ಕಂಪ್ಲೀಶನ್ ರಿಪೋರ್ಟಲ್ಲಿ ಸಹಿ ಇರೋದು ಸೈಟಿಗೆ ಕಾಲೇ ಇಡದ ಇನ್ಯಾರದ್ದೋ.

ಕೇಳಿದ್ರೆ "ಅಣ್ಣಾ, ಅಂಗಡಿಯೋನು ಮೋಸ ಮಾಡ್ದ, ನಂಗೇನ್ ಗೊತ್ತು" ಅಂತಾನೆ. ಎರಡಡಿ ಅಸಲಿ ತುಂಡು ಅಂಗಡಿಯೋನೇ ಬಂದು ಸಿಕ್ಕಿಸಿದ್ನಾ? ಎಳೆದ ವೈರು, ಫೋಟೋ, ಬಿಲ್ಲು ಎಲ್ಲಾ ಎತ್ತಿಟ್ಟಿದ್ದೀವಿ, ಲಾಸ್ಟ್ ಬಿಲ್ ದುಡ್ಡೂ ಕೊಟ್ಟಿಲ್ಲ. ಅವನು ಈಗ ಗುಬ್ಬಿ ಕಡೆ ಇನ್ನೊಂದು ಛತ್ರದ ಕೆಲಸ ಹಿಡಿದವ್ನಂತೆ. ಆ ಕಡೆ ಕಟ್ಟಿಸ್ತಿರೋರು ಯಾರೇ ಆಗಿರ್ಲಿ, ನಾಳೆನೇ ಒಂದು ಬಾಕ್ಸ್ ಬಿಚ್ಚಿಸಿ ಮೂರ್ನಾಲ್ಕು ಅಡಿ ವೈರ್ ಎಳೆಸಿ ನೋಡ್ರಪ್ಪ.