ಸಬ್ಜೆಕ್ಟ್ ಸಾಲಿನಲ್ಲಿ ರಿಯಾಯಿತಿ ಹಾಕಬೇಕೋ, ಮಿಡಿಯ ಹೆಸರೋ?

ನಮ್ಮದು ಸಾಗರ ತಾಲ್ಲೂಕಿನ ಸಣ್ಣ ಮನೆ ಉದ್ಯಮ. ಅಪ್ಪೆಮಿಡಿ (ಪರಿಮಳದ ಎಳೆ ಮಾವಿನಕಾಯಿ) ಉಪ್ಪಿನಕಾಯಿ, ಜೋನಿಬೆಲ್ಲ (ನೀರು ಬೆಲ್ಲ), ಹಲಸಿನ ಹಪ್ಪಳ ಮಾರುತ್ತೇವೆ. ಕೊಳ್ಳುವವರಲ್ಲಿ ಮಲೆನಾಡು ಬಿಟ್ಟು ಬೆಂಗಳೂರು, ಪುಣೆ, ಅಮೆರಿಕ ಸೇರಿದವರೇ ಜಾಸ್ತಿ. ವಾಟ್ಸ್ಆ್ಯಪ್ ಗುಂಪಿನಲ್ಲಿ ಹಾಕಿದ ಸಂದೇಶ ಸಂಜೆಯೊಳಗೆ ಎಲ್ಲೋ ಕಳೆದುಹೋಗುತ್ತದೆ. ಇಮೇಲ್ ಆದರೆ ಕೆಲಸ ಮುಗಿಸಿ ಬಂದು ನೋಡಿದರೂ ಅಲ್ಲೇ ಇರುತ್ತದೆ. ಆದರೆ ತೆರೆಯಬೇಕಲ್ಲ? ಅದನ್ನು ತೀರ್ಮಾನಿಸುವುದು ಸಬ್ಜೆಕ್ಟ್ ಸಾಲು. ಅದಕ್ಕೇ ಎರಡು ಋತುವಿನಿಂದ ಒಂದೇ ಪತ್ರಕ್ಕೆ ಎರಡು ಬೇರೆ ಬೇರೆ ಸಾಲು ಬರೆದು ಕಳಿಸಿ ನೋಡುತ್ತಿದ್ದೇನೆ.

ಹೋಲಿಸುವ ರೀತಿ ಸರಳ. ಗ್ರಾಹಕರ ಪಟ್ಟಿಯಲ್ಲಿ ಒಬ್ಬರನ್ನು ಬಿಟ್ಟು ಒಬ್ಬರನ್ನು ಆರಿಸಿ ಎರಡು ಭಾಗ ಮಾಡುತ್ತೇನೆ. ಮೊದಲರ್ಧ, ಕೊನೆಯರ್ಧ ಎಂದು ಮಾಡಿದರೆ ಹಳೆಯ ಗ್ರಾಹಕರೆಲ್ಲ ಒಂದೇ ಕಡೆ ಬೀಳುತ್ತಾರೆ. ಪತ್ರ ಒಂದೇ, ಬೆಲೆ ಒಂದೇ, ಕಳಿಸುವ ಹೊತ್ತೂ ಒಂದೇ. ಸಬ್ಜೆಕ್ಟ್ ಮಾತ್ರ ಬೇರೆ. ನಮ್ಮಂಥ ಚಿಕ್ಕ ಪಟ್ಟಿಯಲ್ಲಿ ನಾಲ್ಕು ಆರ್ಡರ್ ಆಚೀಚೆ ಆಗುವುದು ಆಕಸ್ಮಿಕವೂ ಆಗಿರಬಹುದು. ಆದ್ದರಿಂದ ಮುಂದಿನ ಸಲ ಭಾಗಗಳನ್ನು ಅದಲುಬದಲು ಮಾಡುತ್ತೇನೆ. ಎರಡೂ ಸಲ ಅದೇ ಬಗೆಯ ಸಾಲು ಗೆದ್ದರೆ ಮಾತ್ರ ನಂಬುತ್ತೇನೆ.

ಎಷ್ಟು ಜನ ತೆರೆದರು ಎಂಬ ಅಂಕಿಯನ್ನು ನಾನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಪತ್ರದೊಳಗೆ ಕಣ್ಣಿಗೆ ಕಾಣದ ಒಂದು ಪುಟ್ಟ ಚಿತ್ರ ಇರುತ್ತದೆ. ಅದು ಲೋಡ್ ಆದರೆ ಪತ್ರ ತೆರೆದಂತೆ ಎಂದು ಇಮೇಲ್ ಕಳಿಸುವ ತಂತ್ರಾಂಶ ಎಣಿಸುತ್ತದೆ. 2021ರ ಸೆಪ್ಟೆಂಬರ್‌ನಲ್ಲಿ ಬಂದ ಐಫೋನ್ ತಂತ್ರಾಂಶ ಐಒಎಸ್ 15ರಿಂದ ಆ್ಯಪಲ್‌ನ ಮೇಲ್ ಆ್ಯಪ್‌ನಲ್ಲಿ ಗ್ರಾಹಕ ಖಾಸಗಿತನದ ರಕ್ಷಣೆ ಆರಿಸಿಕೊಂಡಿದ್ದರೆ, ಅವರು ಪತ್ರ ಮುಟ್ಟದಿದ್ದರೂ ಆ ಚಿತ್ರ ಮೊದಲೇ ಲೋಡ್ ಆಗುತ್ತದೆ. ಅಂದರೆ ಐಫೋನ್ ಇರುವವರು ಪಟ್ಟಿಯಲ್ಲಿ ಹೆಚ್ಚಿದ್ದಷ್ಟೂ ಆ ಅಂಕಿ ಉಬ್ಬುತ್ತದೆ. ನಾನು ಎಣಿಸುವುದು ಆರ್ಡರ್, ಮರುಪತ್ರ, ಮತ್ತು ಪಟ್ಟಿಯಿಂದ ಹೊರಹೋದವರನ್ನು.

ಮೊದಲ ಜೋಡಿ ಇದು. ಒಂದು ಭಾಗಕ್ಕೆ "ಎಲ್ಲ ಉಪ್ಪಿನಕಾಯಿಗೂ ಶೇ. 15 ರಿಯಾಯಿತಿ, ಇಂದೇ ಕೊನೆ". ಇನ್ನೊಂದಕ್ಕೆ "ಈ ವರ್ಷದ ಜೀರಿಗೆ ಮಿಡಿ ಉಪ್ಪಿಗೆ ಬಿದ್ದಿದೆ". ಜೀರಿಗೆ ಮಿಡಿ ಅಂದರೆ ಅಪ್ಪೆಮಿಡಿಯ ಒಂದು ತಳಿ. ರಿಯಾಯಿತಿ ಪತ್ರದೊಳಗೆ ಇಬ್ಬರಿಗೂ ಇತ್ತು. ಮೊದಲ ಸಾಲಿಗೆ ಅವತ್ತೇ ಆರ್ಡರ್ ಬಂದವು, ಮಾರನೇ ದಿನ ನಿಂತವು. ಎರಡನೆಯದಕ್ಕೆ ನಿಧಾನಕ್ಕೆ ಬಂದವು, ಆದರೆ ವಾರವಿಡೀ ಬಂದವು. ಜೊತೆಗೆ ಪ್ರಶ್ನೆಗಳೂ ಬಂದವು. ಅನಂತಭಟ್ಟನ ಅಪ್ಪೆ (ಮಿಡಿಯ ಇನ್ನೊಂದು ತಳಿ) ಈ ಸಲ ಸಿಕ್ಕಿತಾ? ಸೊನೆ ಪರಿಮಳ ಹೇಗಿದೆ? ಮಸಾಲೆ ಅರೆಯುವ ಮೊದಲು ಬರೀ ಉಪ್ಪಿನ ಮಿಡಿ ಕೊಡ್ತೀರಾ? ಹೀಗೆ ಕೇಳಿದವರಲ್ಲಿ ಹೆಚ್ಚಿನವರು ಕೊಂಡರು, ಆಮೇಲೆ ಜೋನಿಬೆಲ್ಲಕ್ಕೂ ಬಂದರು. ರಿಯಾಯಿತಿ ನೋಡಿ ಬಂದವರು ಮುಂದಿನ ರಿಯಾಯಿತಿಗೆ ಕಾಯುತ್ತಾ ಕುಳಿತರು.

ಇದಕ್ಕೆ ಕಾರಣ ಮಿಡಿಯಲ್ಲೇ ಇದೆ ಅನಿಸುತ್ತದೆ. ಅಪ್ಪೆಮಿಡಿ ಸಿಗುವುದು ವರ್ಷಕ್ಕೊಮ್ಮೆ, ಹೆಚ್ಚುಕಡಿಮೆ ಫೆಬ್ರುವರಿಯಿಂದ ಏಪ್ರಿಲ್‌ವರೆಗೆ. ಹೊಳೆದಂಡೆಯ ಮರ ಹತ್ತಿ, ತೊಟ್ಟು ಮುರಿಯದಂತೆ, ನೆಲಕ್ಕೆ ಬೀಳದಂತೆ ಇಳಿಸಬೇಕು. ಹರಳುಪ್ಪಿನಲ್ಲಿ ಹಾಕಿ, ಮಿಡಿ ನೀರು ಬಿಟ್ಟು ಚಿರುಟುವವರೆಗೆ ಕಾಯಬೇಕು. ಊರು ಬಿಟ್ಟವರಿಗೆ ಇದೆಲ್ಲ ಗೊತ್ತು. "ಉಪ್ಪಿಗೆ ಬಿದ್ದಿದೆ" ಎಂದರೆ ಸಾಕು, ಮುಂದಿನದು ಅವರೇ ಲೆಕ್ಕ ಹಾಕುತ್ತಾರೆ. "ಶೇ. 15" ಎಂಬ ಸಾಲು ಚಪ್ಪಲಿ ಅಂಗಡಿಯಿಂದಲೂ ಬರುತ್ತದೆ. ಮಿಡಿಯ ಸಾಲು ನಮ್ಮಿಂದ ಮಾತ್ರ ಬರಲು ಸಾಧ್ಯ.

ಎರಡನೇ ಜೋಡಿ ಕುತೂಹಲದ ಸಾಲು ಮತ್ತು ನೇರ ಸಾಲು. "ನಿಮ್ಮ ಅಡುಗೆಮನೆಯಲ್ಲಿ ಇದೊಂದು ಇಲ್ಲ, ಅಲ್ವಾ?" ಎಂಬುದು ಒಂದು. "ಆಲೆಮನೆಯಿಂದ ಹೊಸ ಜೋನಿಬೆಲ್ಲ ಬಂತು" ಎಂಬುದು ಇನ್ನೊಂದು. ಕುತೂಹಲದ ಸಾಲಿಗೆ ಲಿಂಕ್ ಒತ್ತಿದವರು ಹೆಚ್ಚು. ಕೊಂಡವರು ಕಡಿಮೆ. ಪಟ್ಟಿಯಿಂದ ಹೊರಹೋದವರೂ ಆ ಕಡೆಯೇ ಹೆಚ್ಚು. ಒಳಗೆ ಏನೋ ಇದೆ ಎಂದು ಬಂದವರಿಗೆ ಬೆಲ್ಲದ ಡಬ್ಬಿ ಕಂಡರೆ ಬೇಸರ ಆಗದೇ ಇರುತ್ತದಾ? ಅವರಲ್ಲಿ ಯಾರಾದರೂ ಸಿಟ್ಟಿಗೆ ಸ್ಪ್ಯಾಮ್ ಗುಂಡಿ ಒತ್ತಿದರೆ ನಷ್ಟ ಇನ್ನೂ ದೊಡ್ಡದು. ಸ್ಪ್ಯಾಮ್ ದೂರು ಶೇ. 0.3 ಮುಟ್ಟಬಾರದು ಎಂದು ಜಿಮೇಲ್‌ನ ನಿಯಮ ಹೇಳುತ್ತದೆ. ಸಾವಿರ ಪತ್ರಕ್ಕೆ ಮೂವರು, ಅಷ್ಟೇ. ಅದನ್ನು ದಾಟಿದರೆ ನಮ್ಮ ಒಳ್ಳೆಯ ಪತ್ರಗಳೂ ಸ್ಪ್ಯಾಮ್ ಫೋಲ್ಡರ್‌ಗೆ ಹೋಗುವ ಅಪಾಯ ಇದೆ.

ಹಿಂದೆ ಮಾತಾಡಿದ್ದೇವೆ ಎಂದು ತೋರಿಸಲು ಸಬ್ಜೆಕ್ಟ್ ಮುಂದೆ ಸುಮ್ನೆ "ರಿ:" ಹಾಕುವ ಉಪಾಯವನ್ನು ಒಬ್ಬರು ಹೇಳಿಕೊಟ್ಟರು. ಅದನ್ನು ನಾನು ಪರೀಕ್ಷಿಸಲೇ ಇಲ್ಲ, ಪರೀಕ್ಷಿಸುವುದೂ ಇಲ್ಲ. ಅದು ಸುಳ್ಳು. ಅಮೆರಿಕದಲ್ಲಂತೂ ವ್ಯಾಪಾರದ ಇಮೇಲ್‌ನಲ್ಲಿ ದಾರಿ ತಪ್ಪಿಸುವ ಸಬ್ಜೆಕ್ಟ್ ಹಾಕುವುದನ್ನು 2003ರ ಕ್ಯಾನ್-ಸ್ಪ್ಯಾಮ್ ಕಾಯ್ದೆಯೇ ತಡೆಯುತ್ತದೆ. ಅಲ್ಲಿಂದ ಹಣ ಕಟ್ಟಿ "ಶಿವಮೊಗ್ಗದ ಅಮ್ಮನ ಮನೆಗೆ ಕಳಿಸಿ" ಎನ್ನುವ ಗ್ರಾಹಕರು ನಮಗಿದ್ದಾರೆ.

ಭಾಷೆಯ ಹೋಲಿಕೆ ನನಗೆ ಎಲ್ಲಕ್ಕಿಂತ ಖುಷಿ ಕೊಟ್ಟಿತು. ಇಂಗ್ಲಿಷ್ ಸಾಲು, ಇಂಗ್ಲಿಷ್ ಅಕ್ಷರದಲ್ಲಿ ಬರೆದ ಕನ್ನಡ, ಕನ್ನಡ ಅಕ್ಷರದ ಕನ್ನಡ, ಮೂರನ್ನೂ ನೋಡಿದೆ. ಕನ್ನಡ ಅಕ್ಷರವೇ ಮುಂದೆ ನಿಂತಿತು. ಬ್ಯಾಂಕು, ವಿಮೆ, ಕಚೇರಿ ಎಂದು ಉದ್ದಕ್ಕೂ ಇಂಗ್ಲಿಷ್ ತುಂಬಿದ ಇನ್‌ಬಾಕ್ಸ್‌ನಲ್ಲಿ ಕನ್ನಡದ ಒಂದು ಸಾಲು ಬೇರೆಯಾಗಿಯೇ ಕಾಣುತ್ತದೆ. ಆದರೆ ಇಂಗ್ಲಿಷ್ ಅಕ್ಷರದ ಕನ್ನಡಕ್ಕೂ ಒಂದು ಬಲ ಇದೆ. ತಿಂಗಳಾದ ಮೇಲೆ ಹಳೆಯ ಪತ್ರ ಬೇಕಾದಾಗ ಜನ ಹುಡುಕುವುದು ಇಂಗ್ಲಿಷ್ ಅಕ್ಷರ ಒತ್ತಿಯೇ. ಅದಕ್ಕೆ ಈಗ ಸಬ್ಜೆಕ್ಟ್ ಕನ್ನಡದಲ್ಲಿ ಹಾಕುತ್ತೇನೆ. ಅದರ ಪಕ್ಕದಲ್ಲಿ ಮಸುಕಾಗಿ ಕಾಣುವ ಮುನ್ನೋಟದ ಸಾಲಿನಲ್ಲಿ ವಸ್ತುವಿನ ಹೆಸರನ್ನು ಇಂಗ್ಲಿಷ್ ಅಕ್ಷರದಲ್ಲಿ ಕೊಡುತ್ತೇನೆ. ಆ ಜಾಗ ಖಾಲಿ ಬಿಟ್ಟರೆ "ಪತ್ರ ಸರಿಯಾಗಿ ಕಾಣದಿದ್ದರೆ ಇಲ್ಲಿ ಒತ್ತಿ" ಎಂಬಂಥ ಮಾತು ಬಂದು ಕೂರುತ್ತದೆ.

ಕನ್ನಡದಲ್ಲಿ ಬರೆಯುವವರು ಎರಡು ವಿಷಯ ಗಮನಿಸಬೇಕು. "ನುಡಿ" ತಂತ್ರಾಂಶದ ಹಳೆಯ ಫಾಂಟಿನಲ್ಲಿ ಟೈಪ್ ಮಾಡಿದ್ದನ್ನು ಅಂಟಿಸಿದರೆ ಓದುವವರಿಗೆ ಅರ್ಥವಿಲ್ಲದ ಚಿಹ್ನೆಗಳು ಕಾಣುತ್ತವೆ, ಫೋನುಗಳಲ್ಲಿ ಕನ್ನಡ ಸರಿಯಾಗಿ ಕಾಣುವ ಯೂನಿಕೋಡ್‌ನಲ್ಲೇ ಬರೆಯಿರಿ. ಇನ್ನೊಂದು, ತಂತ್ರಾಂಶ ತೋರಿಸುವ ಅಕ್ಷರದ ಎಣಿಕೆ. "ಅಪ್ಪೆಮಿಡಿ" ನಮ್ಮ ಕಣ್ಣಿಗೆ ನಾಲ್ಕು ಅಕ್ಷರ. ಕಂಪ್ಯೂಟರಿಗೆ ಒತ್ತು, ಗುಣಿತ ಎಲ್ಲ ಸೇರಿ ಒಂಬತ್ತು. ಹಾಗಾಗಿ "ಸಾಲು ಉದ್ದವಾಯಿತು" ಎಂಬ ಎಚ್ಚರಿಕೆ ಬೇಗ ಬರುತ್ತದೆ. ಅದಕ್ಕೆ ಹೆದರಿ ಸಾಲು ಕತ್ತರಿಸಬೇಡಿ. ನಿಮಗೇ ಕಳಿಸಿಕೊಂಡು ಫೋನಿನಲ್ಲಿ ನೋಡಿ. ಮುಖ್ಯ ಪದ ಮೊದಲ ಮೂರು ಪದಗಳೊಳಗೆ ಇದ್ದರೆ ಬಾಲ ಕತ್ತರಿಸಿದರೂ ತೊಂದರೆ ಇಲ್ಲ.

ಗ್ರಾಹಕರ ಹೆಸರು ಹಿಡಿದು ಕರೆಯುವುದು ನಮಗೆ ಕೆಲಸಕ್ಕೆ ಬರಲಿಲ್ಲ. ನಮ್ಮ ಕಡೆ ಅರ್ಧ ಜನ ಹೆಸರಿನ ಜಾಗದಲ್ಲಿ ಇನಿಶಿಯಲ್ ತುಂಬುತ್ತಾರೆ. "ಎಸ್. ಅವರೇ" ಎಂದು ಕರೆದರೆ ಯಾರಿಗೆ ಆಪ್ತ ಅನಿಸುತ್ತದೆ? ಅದರ ಬದಲು "ಬೆಂಗಳೂರಿಗೆ ಶನಿವಾರ ಪಾರ್ಸೆಲ್ ಹೊರಡುತ್ತದೆ" ಎಂದು ಊರಿನ ಹೆಸರು ಹಾಕಿದ್ದು ಚೆನ್ನಾಗಿ ನಡೆಯಿತು. ಇಮೋಜಿ ಹಾಕಿದ್ದಕ್ಕೂ ಬಿಟ್ಟಿದ್ದಕ್ಕೂ ವ್ಯತ್ಯಾಸ ಕಾಣಲಿಲ್ಲ, ಬಿಟ್ಟುಬಿಟ್ಟೆ.

ಇನ್ನು ಅವಸರದ ಸಾಲು. "ಬೇಗ ಮಾಡಿ, ಸ್ವಲ್ಪವೇ ಉಳಿದಿದೆ" ಎಂಬುದಕ್ಕೆ ಎದುರಾಗಿ "ಮಳೆ ಹಿಡಿಯಿತು, ಈ ವರ್ಷ ಇನ್ನು ಹಪ್ಪಳ ಇಲ್ಲ" ಎಂದು ಕಳಿಸಿದೆ. ಎರಡನೆಯದೇ ಗೆದ್ದಿತು. ಮಲೆನಾಡಿನಲ್ಲಿ ಮಳೆ ಕೂತ ಮೇಲೆ ಹಲಸಿನ ಹಪ್ಪಳ ಒಣಗುವುದಿಲ್ಲ, ಇದ್ದಷ್ಟೇ ಇದ್ದದ್ದು. ಅದನ್ನು ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ಎಲ್ಲ ಮಾರಿದ ಮೇಲೆ ಒಂದು ಭಾಗಕ್ಕೆ "ಹಪ್ಪಳ ಮುಗಿಯಿತು, ಮುಂದಿನ ವರ್ಷಕ್ಕೆ ಹೆಸರು ಬರೆಸಬಹುದು" ಎಂಬ ಪತ್ರವನ್ನೂ ಕಳಿಸಿದೆ. ಇನ್ನೊಂದು ಭಾಗಕ್ಕೆ ಏನೂ ಕಳಿಸಲಿಲ್ಲ. ಮಾರಲು ಏನೂ ಇಲ್ಲದ ಆ ಪತ್ರಕ್ಕೆ ಬಂದಷ್ಟು ಮರುಪತ್ರ ಬೇರೆ ಯಾವುದಕ್ಕೂ ಬಂದಿಲ್ಲ. ಮುಂದಿನ ಬೇಸಿಗೆಗೆ ಎಷ್ಟು ಹಲಸಿನಕಾಯಿ ಇಳಿಸಬೇಕು ಎಂಬುದನ್ನು ಹೆಸರು ಬರೆಸಿದವರ ಆ ಪಟ್ಟಿ ನೋಡಿಯೇ ಲೆಕ್ಕ ಹಾಕುತ್ತಿದ್ದೇವೆ.