ಬಾಗಿಲು ತೆರೆದೇ ಇದೆ, ನೀರು ಒಳಗೆ ಬರಲ್ಲ: ಒಂದು ಕಡಲಡಿ ಸೆಟ್ಟಿಂಗ್ ಪುಸ್ತಕ

ಮೇಜಿನ ಸುತ್ತ ಕೂತು ಒಬ್ಬೊಬ್ಬರು ಒಂದೊಂದು ಪಾತ್ರವಾಗಿ ದಾಳ ಹಾಕುತ್ತಾ ಕಥೆ ಕಟ್ಟುವ ಆಟ ಇದೆಯಲ್ಲ, ಅದರಲ್ಲಿ ಸಮುದ್ರದಡಿಯ ಸೈನ್ಸ್ ಫಿಕ್ಷನ್ ಆಟ ಆಡಿಸಬೇಕು ಅನ್ನೋದು ನನಗೆ ಬಹಳ ದಿನದ ಆಸೆ. ಅದಕ್ಕೆಂದೇ ಬರೆದ ಸೆಟ್ಟಿಂಗ್ ಪುಸ್ತಕವೊಂದನ್ನು, ಅಂದರೆ ಕಥೆ ನಡೆಯುವ ಲೋಕವನ್ನು ವಿವರಿಸುವ ಪುಸ್ತಕವನ್ನು ಕೊಂಡು, ನಾಲ್ಕು ಜನ ಆಟಗಾರರನ್ನು ಕೂರಿಸಿಕೊಂಡು ಆರು ಸಲ ಆಡಿಸಿದೆ. ಪುಸ್ತಕದ ಹೆಸರು ಹೇಳುವುದಿಲ್ಲ. ಬೈಗುಳ ಸ್ವಲ್ಪ ಜಾಸ್ತಿ ಇದೆ, ಅದಕ್ಕೆ.

ನಕ್ಷೆಗಳು ಮಾತ್ರ ಸೊಗಸಾಗಿವೆ. ಯಾವ ಕೋಣೆಯಿಂದ ಯಾವ ಕೋಣೆಗೆ ಹೋಗಬಹುದು, ಯಾವ ಬಾಗಿಲು ಮುಚ್ಚಿದರೆ ಯಾರು ಸಿಕ್ಕಿಬೀಳುತ್ತಾರೆ ಅನ್ನೋದು ಒಂದು ನೋಟಕ್ಕೇ ಗೊತ್ತಾಗುತ್ತದೆ.

ತೊಂದರೆ ಶುರುವಾಗಿದ್ದು ಎರಡನೇ ಆಟದಲ್ಲಿ. ನಮ್ಮ ಆಟಗಾರನೊಬ್ಬನ ಪಾತ್ರ ವೆಲ್ಡರ್. ನೆಲೆಯ ಮೇಲಧಿಕಾರಿ ಜೊತೆ ಜಗಳವಾಡಿ, "ಸಾಕಪ್ಪಾ ಸಾಕು, ನಾನು ಮೇಲಕ್ಕೆ ಹೋಗ್ತೀನಿ" ಅಂದ. ಹೋಗೋಕೆ ಎಷ್ಟು ಹೊತ್ತು ಬೇಕು ಅಂತ ಪುಸ್ತಕ ತೆಗೆದು ನೋಡಿದೆ. ನೆಲೆ ಇರುವುದು 300 ಮೀಟರ್ ಆಳದಲ್ಲಿ. ನೆಲದಲ್ಲಿ ಒಂದು ಮೂನ್ ಪೂಲ್, ಅಂದರೆ ಸಮುದ್ರಕ್ಕೆ ತೆರೆದ ಕೊಳ. ಒಳಗೆ ನಾವು ನೀವು ಉಸಿರಾಡುವ ಮಾಮೂಲಿ ಗಾಳಿ. ಮೇಲಕ್ಕೆ ಲಿಫ್ಟಿನಲ್ಲಿ ಅರ್ಧ ಗಂಟೆ.

ಆ ಆಳದಲ್ಲಿ ತೆರೆದ ಕೊಳ, ಮಾಮೂಲಿ ಗಾಳಿ, ಅರ್ಧ ಗಂಟೆಯ ಲಿಫ್ಟ್, ಇವು ಮೂರೂ ಒಟ್ಟಿಗೆ ಇರೋಕೆ ಸಾಧ್ಯವೇ ಇಲ್ಲ. ಖಾಲಿ ಲೋಟವನ್ನು ಬೋರಲು ಹಾಕಿ ಬಕೆಟ್ ನೀರಿಗೆ ಅದ್ದಿ ನೋಡಿ. ಒಳಗಿನ ಗಾಳಿ ನೀರನ್ನು ತಡೆದು ನಿಲ್ಲಿಸುತ್ತೆ. ಮೂನ್ ಪೂಲ್ ಕೂಡ ಅಷ್ಟೇ. ಆದರೆ ಆ ಗಾಳಿಗೆ ಹೊರಗಿನ ನೀರಿನಷ್ಟೇ ಒತ್ತಡ ಇರಬೇಕು. ಪ್ರತಿ 10 ಮೀಟರಿಗೆ ಒಂದು ವಾಯುಭಾರ ಏರುತ್ತೆ. ಮೇಲಿನ ಗಾಳಿಯ ಒಂದೂ ಸೇರಿ 300 ಮೀಟರಿನಲ್ಲಿ ಒಟ್ಟು 31. ಅಷ್ಟು ಒತ್ತಡದಲ್ಲಿ ಮಾಮೂಲಿ ಗಾಳಿಯ ನೈಟ್ರೋಜನ್ ಅಮಲೇರಿಸುತ್ತೆ, ಆಮ್ಲಜನಕವೇ ವಿಷ ಆಗುತ್ತೆ. ಹಾಗಾಗಿ ಹೀಲಿಯಂಗೆ ಚೂರೇ ಚೂರು ಆಮ್ಲಜನಕ ಬೆರೆಸಿ ಉಸಿರಾಡಬೇಕು. ಆ ಹೀಲಿಯಂ ಮೈಯೊಳಗೆಲ್ಲಾ ಕರಗಿರುತ್ತೆ. ಥಟ್ಟನೆ ಮೇಲೆ ಬಂದರೆ ಸೋಡಾ ಬಾಟಲಿ ತೆರೆದ ಹಾಗೆ ರಕ್ತದಲ್ಲಿ ಗುಳ್ಳೆ ಏಳುತ್ತೆ. ದಿನಗಟ್ಟಲೆ ಆಳದ ಒತ್ತಡದಲ್ಲೇ ಇದ್ದು ಕೆಲಸ ಮಾಡುವ ಸ್ಯಾಚುರೇಷನ್ ಡೈವರ್‌ಗಳು ಒತ್ತಡ ಇಳಿಸಿಕೊಳ್ಳುವ ಅಂದಾಜು ಲೆಕ್ಕ 30 ಮೀಟರಿಗೆ ಒಂದು ದಿನ, ಮೇಲೊಂದು ದಿನ. ಒತ್ತಡವನ್ನು ನಿಧಾನಕ್ಕೆ ಇಳಿಸುವ ಮುಚ್ಚಿದ ಚೇಂಬರ್‌ನಲ್ಲಿ ನಮ್ಮ ವೆಲ್ಡರ್‌ಗೆ ಹನ್ನೊಂದು ದಿನ!

ಕಂಬಿಯೇ ಇಲ್ಲದ ಜೈಲು ಇದು. ಕಥೆ ಇರುವುದೇ ಇಲ್ಲಿ, ಅಲ್ವಾ? ಪುಸ್ತಕ ಅದನ್ನು ಒಂದು ಲಿಫ್ಟ್ ಇಟ್ಟು ಕಳೆದುಕೊಂಡಿದೆ. ನಾನು ಲಿಫ್ಟ್ ಕಿತ್ತುಹಾಕಿದೆ. ಮೇಲಧಿಕಾರಿ ಬಾಯಲ್ಲಿ ಹೇಳಿಸಿದೆ: "ಹೋಗಪ್ಪ. ಹನ್ನೊಂದು ದಿನ ಚೇಂಬರ್‌ನಲ್ಲಿ ಕೂತಿರು. ಹೊರಗಿನ ವಾಲ್ವ್ ನನ್ನ ಕೈಲಿರುತ್ತೆ." ಮೇಜಿನ ಸುತ್ತ ಯಾರೂ ಉಸಿರೆತ್ತಲಿಲ್ಲ.

ಹೀಲಿಯಂನಲ್ಲಿ ದನಿ ಬಾತುಕೋಳಿಯದ್ದಾಗುತ್ತೆ ಅನ್ನೋದನ್ನೂ ಪುಸ್ತಕ ಮರೆತಿದೆ. 1965ರಲ್ಲಿ ಅಮೆರಿಕ ನೌಕಾಪಡೆಯ ಕಡಲಡಿ ನೆಲೆ ಸೀಲ್ಯಾಬ್ 2ರಲ್ಲಿ 30 ದಿನ ಇದ್ದ ಗಗನಯಾತ್ರಿ ಸ್ಕಾಟ್ ಕಾರ್ಪೆಂಟರ್, ಇನ್ನೂ ಚೇಂಬರ್‌ನಲ್ಲಿದ್ದಾಗಲೇ ಅಮೆರಿಕದ ಅಧ್ಯಕ್ಷ ಜಾನ್ಸನ್ ಜೊತೆ ಫೋನಿನಲ್ಲಿ ಮಾತಾಡಿದ್ದು ಇದೇ ಕೀಚಲು ದನಿಯಲ್ಲಿ. ಖಳನಾಯಕ ಆ ದನಿಯಲ್ಲಿ ಬೆದರಿಕೆ ಹಾಕಿದರೆ ಮೊದಲು ನಗು ಬರುತ್ತೆ, ಆಮೇಲೆ ಬರಲ್ಲ. ಹೀಲಿಯಂ ಮೈಯ ಬಿಸಿಯನ್ನೂ ಬೇಗ ಕದಿಯುತ್ತೆ. ಹಾಗಾಗಿ ಹೀಟರ್ ಕೆಟ್ಟರೆ ಅದೇ ಒಂದು ಅಧ್ಯಾಯ.

ಪುಸ್ತಕದಲ್ಲಿರುವ 2,000 ಮೀಟರ್ ಆಳದ ನಗರದ್ದು ಇನ್ನೊಂದು ಕಥೆ. ಅಲ್ಲಿ ಒಳಗೆ ಮಾಮೂಲಿ ಒತ್ತಡ, ಅದು ಸರಿ. ಆದರೆ ಊಟದ ಹಾಲ್‌ಗೆ ಆಳೆತ್ತರದ ಗಾಜಿನ ಗೋಡೆಯಂತೆ! ಅಲ್ಲಿ ಉಗುರಿನಷ್ಟು ಜಾಗದ ಮೇಲೆ ಸುಮಾರು 200 ಕೆಜಿ ಭಾರ. 1960ರಲ್ಲಿ ಟ್ರಿಯೆಸ್ಟ್ ಅನ್ನೋ ಆಳಸಮುದ್ರದ ನೌಕೆ ಸಮುದ್ರದ ಅತಿ ಆಳದ ಜಾಗವಾದ ಮರಿಯಾನಾ ಕಂದಕದ ತಳ ಮುಟ್ಟಿದಾಗ ಇಬ್ಬರು ಕೂರುವ ಪುಟ್ಟ ಉಕ್ಕಿನ ಗೋಳಕ್ಕೆ 12.7 ಸೆಂ.ಮೀ. ದಪ್ಪದ ಗೋಡೆ ಬೇಕಾಯಿತು. ಇಳಿಯುವಾಗ ಹೊರಗಿನ ಕಿಟಕಿಯೊಂದು ಬಿರುಕು ಬಿಟ್ಟು ಇಡೀ ನೌಕೆ ನಡುಗಿತ್ತು. ನಾನು ಹಾಲ್‌ನ ಗೋಡೆ ತೆಗೆದು ತಟ್ಟೆಯಗಲದ ಒಂದು ಕಿಟಕಿ ಇಟ್ಟೆ. ಅದಕ್ಕೊಂದು ಸರದಿ ಸಾಲು. ಕೂಡಲೇ ಜಗಳ ಶುರುವಾಯಿತು.

ಬಿಸಿನೀರ ಬುಗ್ಗೆಗಳ ಬಗ್ಗೆ ಎರಡು ಪುಟ ಇದೆ, ಸುಮ್ನೆ ಇದೆ. ಜನ ಯಾಕೆ ಅಲ್ಲಿ ವಾಸ ಮಾಡ್ತಾರೆ, ರೋಬೋಟ್ ಸಾಲದಾ ಅನ್ನೋದಕ್ಕೆ "ಖನಿಜ" ಅನ್ನೋ ಒಂದೇ ಉತ್ತರ.

ನಾಲ್ಕನೇ ಅಧ್ಯಾಯಕ್ಕೆ ಮಾತ್ರ ಪೂರ್ತಿ ಅಂಕ. ರೇಡಿಯೋ ಅಲೆ ಸಮುದ್ರದ ನೀರಿನಲ್ಲಿ ದೂರ ಹೋಗಲ್ಲ, ಮಾತೆಲ್ಲಾ ಶಬ್ದದಲ್ಲೇ. ನೀರಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 1,500 ಮೀಟರ್. ಮೂರು ಕಿಲೋಮೀಟರ್ ಆಚೆಯ ನೌಕೆಗೆ ಪ್ರಶ್ನೆ ಕೇಳಿದರೆ ಉತ್ತರಕ್ಕೆ ನಾಲ್ಕು ಸೆಕೆಂಡ್. ಮೇಲಾಗಿ ಅದು ಸುತ್ತಲಿದ್ದವರಿಗೆಲ್ಲಾ ಕೇಳಿಸುತ್ತೆ. ಆಟದಲ್ಲಿ ಪ್ರತಿ ಸಲ ನಾನು ಬೆರಳು ಮಡಚಿ ನಾಲ್ಕು ಎಣಿಸುತ್ತಿದ್ದೆ. "ಇದ್ದೀರಾ?" ಒಂದು, ಎರಡು, ಮೂರು, ನಾಲ್ಕು. ಐದಕ್ಕೆ ಬಂದಾಗ ಆಟಗಾರ್ತಿಯೊಬ್ಬಳು ಕೈಲಿದ್ದ ದಾಳ ಕೆಳಗಿಟ್ಟಳು.

ನಕ್ಷೆಗೆ ಮತ್ತು ಆ ಅಧ್ಯಾಯಕ್ಕೆ ಕೊಳ್ಳಬಹುದು. ಉಳಿದಿದ್ದನ್ನು ನೀವೇ ರಿಪೇರಿ ಮಾಡಿಕೊಳ್ಳಬೇಕು. ನಮ್ಮ ವೆಲ್ಡರ್ ಚೇಂಬರ್‌ನಲ್ಲಿ ಈಗ ನಾಲ್ಕನೇ ದಿನದಲ್ಲಿದ್ದಾನೆ. ಹೊರಗೆ ನೆಲೆಯಲ್ಲಿ ಕರೆಂಟ್ ಹೋಗಿದೆ. ವಾಲ್ವ್ ಹತ್ತಿರ ಯಾರೂ ಇಲ್ಲ.