ಗಾಣದ ಸೂರ್ಯಕಾಂತಿ ಎಣ್ಣೆ: ಹಲವು ವರ್ಷಗಳ ಬಳಕೆಯ ನಂತರ

ಒಗ್ಗರಣೆ, ಪಲ್ಯ, ಚಟ್ನಿಪುಡಿ ಕಲಸೋದಕ್ಕೆ ಐದಕ್ಕೆ ಐದು ಅಂಕ. ಕರಿಯೋದಕ್ಕೆ ಎರಡೇ. ವರ್ಷವಿಡೀ ಇಡುವ ಉಪ್ಪಿನಕಾಯಿಗೆ ಬೇಡವೇ ಬೇಡ.

ಹೊಂಬಣ್ಣ, ಬೀಜದ ಹಿತವಾದ ಘಮ. ಕಡಲೆಕಾಯಿ ಎಣ್ಣೆಯಷ್ಟು ಜೋರಿಲ್ಲದ ಕಾರಣ ಕರಿಬೇವು, ಇಂಗಿನ ಪರಿಮಳ ಹಾಗೇ ಉಳಿಯುತ್ತದೆ. ಬಿಸಿ ಅನ್ನ, ಚಟ್ನಿಪುಡಿಗೆ ಒಂದು ಚಮಚ ಹಸಿ ಎಣ್ಣೆ ಹಾಕಿಕೊಂಡರೆ ಇದರ ನಿಜವಾದ ರುಚಿ ಗೊತ್ತಾಗುತ್ತದೆ.

ತಂದ ತಕ್ಷಣ ಬಳಸಬೇಡಿ. ಸ್ಟೀಲ್ ಪಾತ್ರೆಯಲ್ಲಿ ಎರಡು ಮೂರು ದಿನ ಅಲುಗಿಸದೆ ಇಟ್ಟು, ಮೇಲಿನ ತಿಳಿಯನ್ನಷ್ಟೇ ಬಗ್ಗಿಸಿಕೊಳ್ಳಿ. ತಳದ ಗಸಿಯಲ್ಲಿ ಬೀಜದ ಪುಡಿ, ತೇವ ಇರುತ್ತವೆ; ಎಣ್ಣೆ ಕಮಟಾಗುವುದು ಅಲ್ಲಿಂದಲೇ ಶುರು. ದೊಡ್ಡ ಕ್ಯಾನ್ ಕೂಡ ಬೇಡ. ಎಣ್ಣೆ ಇಳಿದಂತೆ ಒಳಗೆ ಗಾಳಿ ಹೆಚ್ಚುತ್ತದೆ. ಒಂದೊಂದೇ ಲೀಟರ್ ತಂದು, ಒಲೆಯಿಂದ ದೂರ, ಕತ್ತಲಲ್ಲಿಟ್ಟು ಒಂದೂವರೆ ತಿಂಗಳೊಳಗೆ ಮುಗಿಸುವುದು ಒಳ್ಳೆಯದು.

ಡಿಸೆಂಬರ್, ಜನವರಿಯ ಬೆಳಗಿನ ಚಳಿಗೆ ಬಾಟಲಿ ಮಬ್ಬಾದರೆ ಕಲಬೆರಕೆ ಅಂತ ಗಾಣದವರ ಜೊತೆ ಜಗಳಕ್ಕೆ ಹೋಗಬೇಡಿ, ಪಾಪ. ಬೀಜದ ಸಿಪ್ಪೆಯಲ್ಲಿರುವ ಮೇಣ ತಣ್ಣಗಾದಾಗ ಹೀಗೆ ಕಾಣಿಸಿಕೊಳ್ಳುತ್ತದೆ. ರಿಫೈನರಿಗಳಲ್ಲಿ ಎಣ್ಣೆಯನ್ನು ತಂಪು ಮಾಡಿ ಆ ಮೇಣವನ್ನು ಸೋಸಿ ತೆಗೆಯುತ್ತಾರೆ, ಗಾಣದಲ್ಲಿ ಆ ಕೆಲಸ ಇಲ್ಲ. ಬಾಟಲಿಯನ್ನು ಬಿಸಿನೀರಿನಲ್ಲಿ ನಿಲ್ಲಿಸಿ: ತಿಳಿಯಾದರೆ ಅದು ಮೇಣ. ಆಗಲೂ ಮಬ್ಬಾಗೇ ಇದ್ದು, ಬಾಣಲೆಯಲ್ಲಿ ಚಟಪಟ ಸಿಡಿದರೆ ನೀರಿನಂಶ ಇದೆ. ಅಂಥದ್ದನ್ನು ವಾಪಸ್ ಕೊಡಿ.

ಕರಿಯಲು ಯಾಕೆ ಬೇಡ? ಸಾಮಾನ್ಯ ಸೂರ್ಯಕಾಂತಿ ಎಣ್ಣೆಯಲ್ಲಿ ಲಿನೋಲಿಕ್ ಆಮ್ಲ ಎಂಬ ಕೊಬ್ಬಿನಂಶದ್ದೇ ದೊಡ್ಡ ಪಾಲು. ಕಾವು, ಗಾಳಿ ಎರಡೂ ಸೇರಿದರೆ ಅದು ಬೇಗ ಕೆಡುತ್ತದೆ. ಗಾಣದ್ದು ರಿಫೈನ್ಡ್‌ಗಿಂತ ಬಹಳ ಮುಂಚೆಯೇ ಹೊಗೆಯಾಡುತ್ತದೆ, ನೊರೆಯೂ ಬರುತ್ತದೆ. ಬಾಣಲೆಯ ಅಂಚಿಗೆ ಹಳದಿ ಅಂಟು ಕಟ್ಟಿ, ಸೋಪಿಗೆ ಜಗ್ಗುವುದಿಲ್ಲ. ಅಡುಗೆ ಸೋಡಾ ಹಚ್ಚಿ ನೆನೆಸಿಟ್ಟು ಉಜ್ಜಬೇಕು. ಕರಿದು ಉಳಿದ ಎಣ್ಣೆಯನ್ನು ಮತ್ತೆ ಕಾಯಿಸಲೇಬೇಡಿ. ಉಪ್ಪಿನಕಾಯಿಗೆ ಎಳ್ಳೆಣ್ಣೆಯೇ ಸರಿ. ಬೇಗ ಕಮಟಾಗದಂತೆ ತಡೆಯುವ ಸೆಸಮಾಲ್‌ನಂಥ ಅಂಶಗಳು ಎಳ್ಳಿನಲ್ಲೇ ಇವೆ.

ದರ ಕೇಳುವಾಗ ಕೆಜಿಯೋ ಲೀಟರೋ ನೋಡಿಕೊಳ್ಳಿ. ಒಂದು ಲೀಟರ್ ಸುಮಾರು 910 ಗ್ರಾಂ ತೂಗುತ್ತದೆ, ಅಂದರೆ ಕೆಜಿಗೆ ಹತ್ತಿರ ಹತ್ತಿರ 1.1 ಲೀಟರ್ ಸಿಗಬೇಕು.